ಆಳಂದಕ್ಕೆ ಯಾವಾಗ ಹೋಗಿದ್ದಿ?

ಪ್ರಶ್ನೆ:

ಅಕ್ಕಾ, ನನಗೆ 38 ವರ್ಷ. ಇರುವುದು ಕಲಬುರಗಿಯಲ್ಲಿ. ಮದುವೆಯಾಗಿ 16 ವರ್ಷ ಆಯಿತು, ಇಬ್ಬರು ಮಕ್ಕಳು. ನಮ್ಮ ಮನೆಯವರು ಗಂಜಿನ (ದವಸದ ಮಾರುಕಟ್ಟೆಯ) ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಾನು ಇನ್ನಿಬ್ಬರು ಹೆಂಗಸರನ್ನು ಜೊತೆ ಮಾಡಿಕೊಂಡು ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ಮಧ್ಯಾಹ್ನ ಮೂರರಿಂದ ಐದರ ತನಕ ಕೈ ಖಾಲಿ. ಆಗ ಗ್ರಂಥಾಲಯದಿಂದ ತಂದ ಕಾದಂಬರಿ ಓದುತ್ತೇನೆ. ಪ್ರೀತಿ, ಮದುವೆ, ಸಂಸಾರದ ಕಥೆಗಳೇ ಜಾಸ್ತಿ. ಈಗ ಅದೇ ತೊಂದರೆಯಾಗಿದೆ.

ಶ್ರಾವಣದಲ್ಲಿ ನನಗೆ ನಾಲ್ಕು ದಿನ ಜ್ವರ ಬಂತು. ಇವರು ಗುಳಿಗೆ ತಂದು ಕಿಟಕಿ ಮೇಲಿಟ್ಟು ಅಂಗಡಿಗೆ ಹೋದರು. ಆಮೇಲೆ ಓದಿದ ಒಂದು ಕಾದಂಬರಿಯಲ್ಲಿ ಹೆಂಡತಿಗೆ ಜ್ವರ ಬಂದಾಗ ಗಂಡ ರಾತ್ರಿಯಿಡೀ ಪಕ್ಕದಲ್ಲಿ ಕೂತಿರುತ್ತಾನೆ. ಓದಿ ಅತ್ತುಬಿಟ್ಟೆ. ಆ ಪುಟದಲ್ಲಿ ಒಂದು ಬಸ್ ಟಿಕೆಟ್ ಇಟ್ಟು, ಪುಸ್ತಕವನ್ನು ಅವರ ದಿಂಬಿನ ಮೇಲೆ ಇಟ್ಟೆ. ಅವರು ಟಿಕೆಟ್ ತೆಗೆದು ನೋಡಿ "ಆಳಂದಕ್ಕ ಯಾವಾಗ ಹೋಗಿದ್ದಿ?" ಅಂದರು. ನಾನು ಮಗ್ಗುಲಾದೆ.

ಅವರು ಕೆಟ್ಟವರಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಆದರೆ ನಮ್ಮ ಮಾತೆಲ್ಲ ಹಿಟ್ಟು, ಗ್ಯಾಸು, ಫೀಸಿನದೇ. ನಮ್ಮ ನೆಗೆಣ್ಣಿ "ಕಾದಂಬರಿ ಓದೋರ ಸಂಸಾರ ನೆಟ್ಟಗ ಇರಂಗಿಲ್ಲ" ಅನ್ನುತ್ತಾಳೆ. ಅವಳು ಬಂದರೆ ಪುಸ್ತಕವನ್ನು ಹಿಟ್ಟಿನ ಡಬ್ಬಿ ಹಿಂದೆ ಇಡುತ್ತೇನೆ. ಓದುವುದು ಬಿಡಲೇ ಅಕ್ಕಾ? ಬಿಟ್ಟರೆ ಈ ಸಂಕಟ ಹೋಗುತ್ತದೆಯೇ?

- ಹೆಸರು ಬೇಡ, ಕಲಬುರಗಿ

ಉತ್ತರ:

ತಂಗಿ,

ಬಸ್ ಟಿಕೆಟಿನ ತನಕ ಬಂದಾಗ ನನಗೆ ನಗು ತಡೆಯಲಾಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ದಿನವೆಲ್ಲ ಚೀಟಿ, ರಸೀದಿ, ತೂಕದ ಪಟ್ಟಿ ನೋಡುವ ಮನುಷ್ಯನ ಮುಂದೆ ಒಂದು ಪುಸ್ತಕ, ಒಂದು ಟಿಕೆಟ್ ಇಟ್ಟರೆ ಅವನು ಮೊದಲು ಯಾವುದನ್ನು ಓದುತ್ತಾನೆ ಹೇಳಿ? ಆ ಟಿಕೆಟಿನ ಮಾತಿಗೆ ಕೊನೆಗೆ ಬರುತ್ತೇನೆ.

ಓದುವುದು ಬಿಡಬೇಡಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ನೀವೇ ಬರೆದಿದ್ದೀರಿ, ಜ್ವರ ಬಂದದ್ದು ಶ್ರಾವಣದಲ್ಲಿ, ಆ ಕಾದಂಬರಿ ಓದಿದ್ದು ಆಮೇಲೆ. ಅಂದರೆ ಕಿಟಕಿ ಮೇಲಿನ ಗುಳಿಗೆ ನೋಡಿ ಹೊಟ್ಟೆಯಲ್ಲಿ ಏನೋ ಹಿಂಡಿದ್ದು ಪುಸ್ತಕಕ್ಕಿಂತ ಮೊದಲೇ ಅಲ್ವಾ? ಅದಕ್ಕೆ ಏನನ್ನಬೇಕು ಅಂತ ಆಗ ಗೊತ್ತಾಗಲಿಲ್ಲ. ಪುಸ್ತಕ ಬಂದು ಹೇಳಿಕೊಟ್ಟಿತು. ಪುಸ್ತಕ ಬಿಟ್ಟರೆ ಹೇಳಿಕೊಡುವವರು ಹೋಗುತ್ತಾರೆ, ಹಿಂಡುವುದು ಅಲ್ಲೇ ಇರುತ್ತದೆ.

ನಿಮ್ಮ ನೆಗೆಣ್ಣಿಯ ಮಾತನ್ನೂ ಮುಗಿಸಿಬಿಡೋಣ. ಸಂಸಾರದ ಕಾದಂಬರಿ ಅಂದರೆ ಬರೀ ಹೂವು, ಬೆಳದಿಂಗಳು ಅಂತ ಓದದೇ ಇರುವವರು ತಿಳಿದಿರುತ್ತಾರೆ. ತ್ರಿವೇಣಿಯವರ ‘ಶರಪಂಜರ’ ಸಿಕ್ಕರೆ ಆಕೆಗೇ ಕೊಡಿ. ಬಾಣಂತಿಯ ಮನಸ್ಸು ಕೆಡುತ್ತದೆ, ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಆದರೆ ಮನೆಗೆ ಬಂದರೆ ಯಾರೂ ಅವಳನ್ನು ಮೊದಲಿನ ಹಾಗೆ ನೋಡುವುದಿಲ್ಲ. ಗಂಡನೂ. ಇದನ್ನು ಬರೆದ ತ್ರಿವೇಣಿ 1963ರಲ್ಲಿ, 35 ತುಂಬುವ ಮೊದಲೇ ತೀರಿಕೊಂಡರು. ಅಷ್ಟು ಚಿಕ್ಕ ವಯಸ್ಸಿಗೆ ಸಂಸಾರದ ಒಳಗನ್ನು ಹಾಗೆ ಕಂಡವರು ಕಡಿಮೆ. ಇನ್ನು ನಿಮ್ಮ ಊರಲ್ಲೇ ಬಾಳಿದ ಗೀತಾ ನಾಗಭೂಷಣ ಇದ್ದಾರೆ. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಅವರ ಕಥೆಯ ಹೆಂಗಸರು ನಿಮ್ಮ ಓಣಿಯ ಮಾತಲ್ಲೇ ಬೈಯುತ್ತಾರೆ, ಅಳುತ್ತಾರೆ, ಮತ್ತೆ ಎದ್ದು ಕೆಲಸಕ್ಕೆ ಹೋಗುತ್ತಾರೆ. ಇಂಥ ಪುಸ್ತಕ ಹಿಟ್ಟಿನ ಡಬ್ಬಿ ಹಿಂದೆ ಯಾಕಿರಬೇಕು? ಡಬ್ಬಿ ಮೇಲೇ ಇಡಿ. ಹಿಟ್ಟು ಹತ್ತದ ಹಾಗೆ ನೋಡಿಕೊಳ್ಳಿ ಅಷ್ಟೆ, ಗ್ರಂಥಾಲಯದ್ದು.

ಈಗ ಜ್ವರದ ವಿಷಯ.

"ಗುಳಿಗೆ ತಂದಿಟ್ಟರಲ್ಲ, ಅದೇ ಪ್ರೀತಿ, ನಿನಗೆ ನೋಡೋ ಕಣ್ಣಿಲ್ಲ" ಅಂತ ಹೇಳುವವರು ನಿಮಗೆ ಹತ್ತು ಜನ ಸಿಗುತ್ತಾರೆ. ಅಂಕಣ ಬರೆಯುವ ನಮ್ಮಂಥವರೂ ಇದನ್ನೇ ಬರೆಯುತ್ತೇವೆ. ನಾನೂ ಹಿಂದೆ ಬರೆದಿದ್ದೇನೆ, ಈಗ ನೆನೆಸಿಕೊಂಡರೆ ಸ್ವಲ್ಪ ನಾಚಿಕೆಯಾಗುತ್ತದೆ. ಮಾತು ಸುಳ್ಳೇನಲ್ಲ. ಆದರೆ ಹೆಂಗಸರ ಬಾಯಿ ಮುಚ್ಚಿಸಲಿಕ್ಕೆ ಅದನ್ನು ಬಳಸಿದ್ದೇ ಜಾಸ್ತಿ. ಅವರು ಗುಳಿಗೆ ತಂದದ್ದು ನಿಜ. ಯಾರಾದರೂ ಪಕ್ಕದಲ್ಲಿ ಕೂಡಲಿ ಅಂತ ನಿಮಗೆ ಅನಿಸಿದ್ದೂ ನಿಜ. ಗುಳಿಗೆ ತಂದರು ಅಂತ ಆ ಆಸೆ ತಪ್ಪಾಗಿಬಿಡುವುದಿಲ್ಲ. ಜ್ವರದಲ್ಲಿ ಹಣೆ ಮೇಲೆ ಒಂದು ಕೈ ಬೇಕು ಅನಿಸಲು ಕಾದಂಬರಿ ಓದಬೇಕಾಗಿಲ್ಲ. ಅದನ್ನು ನಮ್ಮ ಅವ್ವಂದಿರೇ ನಮಗೆ ರೂಢಿ ಮಾಡಿಟ್ಟಿದ್ದಾರೆ.

(ಹೊಡೆತ, ಹೆದರಿಕೆ ಇದ್ದಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ಮೊದಲು 181ಕ್ಕೆ, ಮಹಿಳಾ ಸಹಾಯವಾಣಿಗೆ, ಫೋನ್ ಮಾಡಿ ಅನ್ನುತ್ತಿದ್ದೆ. ನಿಮ್ಮದು ಆ ಪತ್ರವಲ್ಲ. ಓದುವ ಬೇರೆ ಯಾರಿಗಾದರೂ ಬೇಕಾಗಬಹುದು ಅಂತ ಬರೆದೆ.)

ಆದರೆ ಒಂದು ಕಡೆ ನೀವು ಎಡವಿದ್ದೀರಿ ಅನಿಸುತ್ತದೆ. ಆ ಪುಟದ ಗಂಡ ಮೃದು ಮನಸ್ಸಿನವನು, ನಮ್ಮವರು ಒಣ ಮನುಷ್ಯ ಅಂತ ಹೋಲಿಸಿ ಅತ್ತಿರಿ. ನಿಜವಾದ ವ್ಯತ್ಯಾಸ ಬೇರೆ ಇದೆ. ಆ ಗಂಡ, ಆ ಹೆಂಡತಿ, ಇಬ್ಬರ ಮನಸ್ಸೂ ಒಬ್ಬರೇ ಬರಹಗಾರರ ಕೈಯಲ್ಲಿದ್ದವು. ಅವಳು ಸುಮ್ನೆ ಗೋಡೆ ಕಡೆ ನೋಡಿದರೆ ಸಾಕು, ಅವನಿಗೆ ತಿಳಿಯುತ್ತದೆ. ತಿಳಿಯಲೇಬೇಕು, ಬರೆದವರು ಹಾಗೆ ಬರೆದಿದ್ದಾರೆ! ಅಷ್ಟೇ ಅಲ್ಲ. ಅವನೇನಾದರೂ ಗುಳಿಗೆ ಇಟ್ಟು ಅಂಗಡಿಗೆ ಹೋಗಿದ್ದ ಅಂತಿಟ್ಟುಕೊಳ್ಳಿ. ದಾರಿಯುದ್ದಕ್ಕೂ ಹೇಗೆ ಚಡಪಡಿಸಿದ, ಲೆಕ್ಕದಲ್ಲಿ ಎಷ್ಟು ಸಲ ತಪ್ಪಿದ ಅಂತ ಎರಡು ಪುಟ ಬರೆದಿರುತ್ತಿದ್ದರು. ನೀವು ಕಣ್ಣೊರೆಸಿಕೊಂಡು ಅವನನ್ನು ಕ್ಷಮಿಸಿಬಿಡುತ್ತಿದ್ದಿರಿ.

ನಿಮ್ಮ ಮನೆಯವರು ಆ ದಿನ ಗಂಜಿಗೆ ಹೋಗುತ್ತ ಏನು ಯೋಚಿಸಿದರು? ಬರೆದುಕೊಡುವವರು ಯಾರೂ ಇಲ್ಲ. ಚಡಪಡಿಸಿರಬಹುದು. ತೊಗರಿ ದರದ ಲೆಕ್ಕ ಹಾಕುತ್ತಿದ್ದಿರಲೂಬಹುದು. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅವರಿಗೂ ಅಷ್ಟೇ. ನೀವು ಗೋಡೆ ಕಡೆ ಮಗ್ಗುಲಾದರೆ ಅದು ನಿದ್ದೆಯೋ, ಸಿಟ್ಟೋ, ರೊಟ್ಟಿ ಬಡಿದ ಭುಜದ ನೋವೋ ಅವರಿಗೆ ಹೇಗೆ ತಿಳಿಯಬೇಕು?

ನನ್ನದೇ ಒಂದು ಕಥೆ ಹೇಳುತ್ತೇನೆ. ಮದುವೆಯಾದ ಹೊಸದರಲ್ಲಿ ನಮ್ಮವರ ಮೇಲೆ ಸಿಟ್ಟು ಬಂದು ಮಾತು ಬಿಟ್ಟೆ. ಯಾಕೆ ಸಿಟ್ಟು ಅನ್ನುವುದೇ ಈಗ ಮರೆತಿದೆ. ಒಂದು ದಿನ, ಎರಡು ದಿನ, ನಾಲ್ಕು ದಿನ. ಅವರು ಬಂದು ಕೇಳುತ್ತಾರೆ, ನಾನು ಕಾರಣ ಹೇಳುವುದಿಲ್ಲ, ಅವರೇ ಕಂಡುಹಿಡಿಯಲಿ ಅಂತ ಹಟ. ಐದನೇ ದಿನ ಸಂಜೆ ಅವರು ಒಂದು ಸಣ್ಣ ಪೊಟ್ಟಣ ತಂದು ಕೈಯಲ್ಲಿಟ್ಟರು. ಬಿಚ್ಚಿದರೆ ಲವಂಗ. ನನಗೆ ಹಲ್ಲು ನೋವು ಬಂದಿದೆ, ಅದಕ್ಕೇ ಬಾಯಿ ಬಿಡುತ್ತಿಲ್ಲ ಅಂತ ತಿಳಿದಿದ್ದರು! ಐದು ದಿನ ನಾನು ಒಳಗೊಳಗೇ ಬರೆದ ದೊಡ್ಡ ಕಾದಂಬರಿಯನ್ನು ಅವರು ಹಲ್ಲು ನೋವು ಅಂತ ಓದಿದ್ದರು. ಅವತ್ತು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲವಂಗ ಮಾತ್ರ ಬಾಯಿಗೆ ಹಾಕಿಕೊಂಡೆ.

ನಿಮ್ಮ ಮಾತೆಲ್ಲ ಹಿಟ್ಟು, ಗ್ಯಾಸು, ಫೀಸಿನದೇ ಅಂತ ಬರೆದಿದ್ದೀರಿ. ಆ ಸಾಲಲ್ಲಿ ತುಂಬ ದಣಿವು ಇದೆ. ಆದರೆ ಅದನ್ನು ಓದುವಾಗ ನನಗೆ ಆಯ್ದಕ್ಕಿ ಲಕ್ಕಮ್ಮ ನೆನಪಾದಳು. ನಿಮ್ಮ ಪಕ್ಕದ ಬೀದರ ಜಿಲ್ಲೆಯ ಬಸವಕಲ್ಯಾಣ ಅವಳ ಕಥೆ ನಡೆದ ಊರು. ಗಂಡ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ, ಅದೇ ಅವರ ಕಾಯಕ. ಒಂದು ದಿನ ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಲಕ್ಕಮ್ಮ ಮುಖ ಊದಿಸಿಕೊಂಡು ಕೂಡಲಿಲ್ಲ. ಇಷ್ಟು ಯಾಕೆ ತಂದೆ, ಇದು ಆಸೆ, ಹೋಗಿ ಅಲ್ಲೇ ಸುರಿದು ಬಾ ಅಂತ ಮುಖಕ್ಕೇ ಹೇಳಿದಳು. ಅವನು ಹೋಗಿ ಸುರಿದು ಬಂದ. ಗಂಡ ಹೆಂಡಿರ ನಡುವೆ ಇದಕ್ಕಿಂತ ಒಳಗಿನ ಮಾತು ಇನ್ನೇನಿದೆ? ಅವರು ಆಡಿದ್ದು ಅಕ್ಕಿಯ ಮಾತು. ಹಿಟ್ಟು, ಗ್ಯಾಸಿನ ಪಕ್ಕದಲ್ಲೇ ನಿಮ್ಮ ಮಾತನ್ನೂ ಇಡಬಹುದು. ಅದಕ್ಕೆ ಬೆಳದಿಂಗಳು ಬೇಕಿಲ್ಲ.

ಹಾಗಾದರೆ ಏನು ಹೇಳಬೇಕು? "ನೀವು ನನ್ನ ಪ್ರೀತಿ ಮಾಡಂಗಿಲ್ಲ" ಅನ್ನಬೇಡಿ. ಅದಕ್ಕೆ ಪಾಪ, ಅವರು ಏನು ಉತ್ತರ ಕೊಡಬೇಕು? ಕಾದಂಬರಿಯ ಗಂಡನ ಸುದ್ದಿ ಅಂತೂ ಎತ್ತಲೇಬೇಡಿ. ನೀವು ಮನೆಯಲ್ಲಿ ಮಾತಾಡುವ ಹಾಗೇ ಹೇಳಿ: "ಶ್ರಾವಣದಾಗ ಜ್ವರ ಬಂದಾಗ ನೀವು ಗುಳಗಿ ಇಟ್ಟು ಹೋದ ಮ್ಯಾಲೆ ನನಗ ಭಾಳ ಒಂಟಿ ಅನಿಸ್ತು. ಒಂದು ತಾಸು ಬಾಜೂಕ ಕುಂತಿದ್ರ ಸಾಕಿತ್ತು." ಒಂದು ತಾಸು ಅನ್ನುವುದನ್ನು ಬಿಡಬೇಡಿ. ಲೆಕ್ಕ ಬರೆಯುವವರಿಗೆ ಅಳತೆ ಹೇಳಿದರೆ ಕೆಲಸ ಸುಲಭ.

ಹೊತ್ತು ನೋಡಿ ಹೇಳಿ. ರಾತ್ರಿ ದಿಂಬಿನ ಹತ್ತಿರ ಬೇಡ, ಇಬ್ಬರಿಗೂ ದಣಿವು. ಅಂಗಡಿ ರಜೆ ಇರುವ ದಿನ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಶರಣಬಸವೇಶ್ವರ ಗುಡಿಗೆ ಹೋಗಿ, ಬರುತ್ತ ಅಪ್ಪನ ಕೆರೆ ಕಡೆ ಸ್ವಲ್ಪ ನಡೆಯಿರಿ. ಪಕ್ಕಪಕ್ಕ ನಡೆಯುವಾಗ ಮುಖ ನೋಡಬೇಕಾಗಿಲ್ಲ. ಎಷ್ಟೋ ಗಂಡಸರಿಗೆ ಹಾಗಿದ್ದರೇ ಬಾಯಿ ಬಿಡುತ್ತದೆ. ಮತ್ತೆ ಇದನ್ನು ಎಳ್ಳ ಅಮಾವಾಸ್ಯೆಗಿಂತ ಮೊದಲೇ ಮಾಡಿ. ಹೊಸ ತೊಗರಿ ಗಂಜಿಗೆ ಬರತೊಡಗಿದರೆ ಲೆಕ್ಕ ಬರೆಯುವವರಿಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿರುವುದಿಲ್ಲ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ದಿನಗಳಲ್ಲಿ ಹೇಳಿ, ಅವರು "ಹೂಂ" ಅಂದು, ನೀವು ಮತ್ತೆ ಮಗ್ಗುಲಾಗುವುದು ಬೇಡ.

ಹೇಳಿದ ಕೂಡಲೇ ಅವರು ಬದಲಾಗುತ್ತಾರೆ ಅಂತ ನಾನು ಹೇಳಲಾರೆ. ನಕ್ಕುಬಿಡಬಹುದು. "ಅಂಗಡಿ ಯಾರು ನೋಡಬೇಕು?" ಅನ್ನಬಹುದು. ಅದೂ ಉತ್ತರವೇ, ಅಲ್ಲಿಂದ ಮಾತು ಮುಂದುವರಿಸಿ. ಎರಡು ಸಲ, ಮೂರು ಸಲ ಸ್ಪಷ್ಟವಾಗಿ ಹೇಳಿದ ಮೇಲೂ ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ನನಗೆ ಮತ್ತೆ ಬರೆಯಿರಿ. ಆಗ ನನ್ನ ಉತ್ತರ ಬೇರೆ ಇರುತ್ತದೆ. 16 ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಕೇಳದೇ ಇರುವುದನ್ನು ಅವರು ಕೊಡಲಿಲ್ಲ ಅಂತ ಈಗಲೇ ತೀರ್ಪು ಕೊಡಲು ನನಗೆ ಮನಸ್ಸಿಲ್ಲ.

ಇನ್ನೊಂದು ಸಂಗತಿ. ಪುಸ್ತಕವನ್ನು ದಿಂಬಿನ ಮೇಲೆ ಇಟ್ಟಾಗ ನಿಮಗೆ ಎರಡು ಬೇಕಾಗಿದ್ದವು ಅಂತ ನನ್ನ ಅನುಮಾನ. ಒಂದು, ಆ ಒಂದು ತಾಸು. ಇನ್ನೊಂದು, ಓದಿದ್ದನ್ನು ಯಾರ ಜೊತೆಗಾದರೂ ಹಂಚಿಕೊಳ್ಳುವುದು. ಎರಡನ್ನೂ ಒಬ್ಬರ ಮೇಲೇ ಹೊರಿಸಬೇಡಿ. ನಿಮ್ಮವರು ಜನ್ಮದಲ್ಲಿ ಒಂದು ಕಾದಂಬರಿ ಓದದೇ ಇರಬಹುದು, ಅದರಿಂದ ಸಂಸಾರಕ್ಕೆ ಏನೂ ಆಗುವುದಿಲ್ಲ. ಆದರೆ ನಿಮ್ಮ ಜೊತೆ ಇಬ್ಬರು ಹೆಂಗಸರು ದಿನಾ ಕೂತು ರೊಟ್ಟಿ ಬಡಿಯುತ್ತಾರಲ್ಲ? ಹಿಂದಿನ ದಿನ ಮಧ್ಯಾಹ್ನ ಓದಿದ್ದನ್ನು ಮರುದಿನ ಬೆಳಗ್ಗೆ ಅವರಿಗೆ ಕಥೆ ಮಾಡಿ ಹೇಳಿ. ಕೈ ಕೆಲಸ ಮಾಡುತ್ತಿದ್ದರೆ ಕಿವಿ ಖಾಲಿ ಇರುತ್ತದೆ. ಜ್ವರದ ಆ ಪುಟವನ್ನೇ ಮೊದಲು ಹೇಳಿ ನೋಡಿ. ಅವರಲ್ಲೊಬ್ಬಳು "ಅಂಥಾ ಗಂಡ ಯಾವ ಊರಾಗ ಸಿಗ್ತಾನವ್ವಾ?" ಅಂದೇ ಅನ್ನುತ್ತಾಳೆ. ಮೂವರೂ ನಗುತ್ತೀರಿ. ಆ ಪುಟ ಸ್ವಲ್ಪ ಹಗುರಾಗುತ್ತದೆ.

ಈಗ ಆ ಟಿಕೆಟ್.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗಿನಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡಿಲ್ಲ, ಕೈಗೆ ಸೊನ್ನೆ ಟಿಕೆಟ್ ಬರುತ್ತದೆ. ನಿಮ್ಮದೂ ಅಂಥದ್ದೇ ಇರಬೇಕು. ಮನೆ ಖರ್ಚಿನ ಲೆಕ್ಕದಲ್ಲಿ ಅದು ಎಲ್ಲೂ ಬರುವುದಿಲ್ಲ. ಕಲಬುರಗಿಯಿಂದ ಆಳಂದ 40 ಕಿಲೋಮೀಟರ್ ಆಸುಪಾಸು. ಹೋಗಿ ಬರಲು ಅರ್ಧ ದಿನವಾದರೂ ಬೇಕು. ನೀವು ಹೋಗಿದ್ದೀರಿ. ನಿಮ್ಮ ಮನೆಯವರಿಗೆ ಅದು ಗೊತ್ತಿರಲಿಲ್ಲ. ಯಾಕೆ ಹೋಗಿದ್ದಿರಿ? ತವರೋ, ಗೆಳತಿಯ ಮನೆಯೋ, ದರ್ಗಾಕ್ಕೋ, ಸುಮ್ನೆ ಕಿಟಕಿ ಪಕ್ಕ ಕೂತು ಹೊಲ ನೋಡಿ ಬರಬೇಕು ಅನಿಸಿತೋ? ಪತ್ರದಲ್ಲಿ ನೀವು ನನಗೂ ಹೇಳಿಲ್ಲ. ಜ್ವರದ ಗಂಡನ ಕಥೆಗಿಂತ ನನಗೆ ಓದಬೇಕು ಅನಿಸಿದ್ದು ಅದೇ.

ನಿಮ್ಮವರಿಗೂ ಹಾಗೇ ಅನಿಸಿರಬೇಕು, ಅದಕ್ಕೇ ಕೇಳಿದರು. ಹಿಟ್ಟು, ಗ್ಯಾಸು, ಫೀಸು ಯಾವುದೂ ಇಲ್ಲದ ಪ್ರಶ್ನೆ ಅದು. ಬರೀ ನಿಮ್ಮ ಬಗ್ಗೆ ಕೇಳಿದ್ದು. ನೀವು ಮಗ್ಗುಲಾದಿರಿ.

ಕೆರೆ ದಂಡೆಗೆ ಹೋದಾಗ ಮೊದಲು ಅದಕ್ಕೆ ಉತ್ತರ ಕೊಡಿ. ಜ್ವರದ ಮಾತು ಆಮೇಲೆ.