ಪಾಸ್‌ಪೋರ್ಟ್ ಬೀರುವಿನಲ್ಲಿ, ವರದಿ ವೆಬ್‌ಸೈಟಿನಲ್ಲಿ

ದೊಡ್ಡ ಕಂಪನಿಗಳ ಪೂರೈಕೆ ಸರಪಳಿಯಲ್ಲಿ, ಅಂದರೆ ಅವುಗಳಿಗೆ ಮಾಲು ಮಾಡಿಕೊಡುವ ಗುತ್ತಿಗೆದಾರರ ಸಾಲಿನಲ್ಲಿ, ನಡೆಯುವ ಬಲವಂತದ ದುಡಿಮೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಎರಡು ಮಾತು ಬರೆದಿದ್ದೆ. ಕಾನೂನು ಬಿಗಿಯಾಗಬೇಕು ಅಂದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳೇ ಈ ಸಲ ಪುಟ ತುಂಬಿವೆ. ಕೆಲವು ಸಿಟ್ಟಿನವು. ಪರವಾಗಿಲ್ಲ.

ಪ್ರಶ್ನೆ: ಬಲವಂತ ಅಂತೀರಿ. ಆದರೆ ಅವರೇ ಸಹಿ ಹಾಕಿ ಬಂದಿರುತ್ತಾರೆ, ಸಂಬಳವೂ ಸಿಗುತ್ತದೆ. ಅದು ಜೀತ ಹೇಗಾಗುತ್ತದೆ?

ಉತ್ತರ: ಸಹಿ ಹಾಕಿರುತ್ತಾರೆ, ಹೌದು. ಯಾವ ಕಾಗದಕ್ಕೆ ಅಂತ ನೋಡಬೇಕು. ಬೇರೆ ದೇಶಕ್ಕೆ ದುಡಿಯಲು ಹೊರಟ ಒಬ್ಬನನ್ನು ಊಹಿಸಿಕೊಳ್ಳಿ. ಏಜೆಂಟ್‌ಗೆ ಕೊಡಲು ಬಡ್ಡಿಗೆ ಸಾಲ ತಂದಿದ್ದಾನೆ. ಹೊರಡುವಾಗ ಹೇಳಿದ ಸಂಬಳ ಒಂದು, ಅಲ್ಲಿ ಇಳಿದ ಮೇಲೆ ಮುಂದಿಟ್ಟ ಕರಾರಿನಲ್ಲಿ ಇರುವುದು ಇನ್ನೊಂದು, ಅದೂ ಅವನಿಗೆ ಓದಲು ಬಾರದ ಭಾಷೆಯಲ್ಲಿ. ‘ಜೋಪಾನವಾಗಿರಲಿ’ ಅಂತ ಅವನ ಪಾಸ್‌ಪೋರ್ಟ್ ಇಸಿದುಕೊಂಡು ಆಫೀಸಿನ ಬೀರುವಿಗೆ ಹಾಕಿ ಬೀಗ ಜಡಿದಿದ್ದಾರೆ. ತಿಂಗಳ ಕೊನೆಗೆ ಸಂಬಳದ ಚೀಟಿ ಬರುತ್ತದೆ. ಊಟಕ್ಕೆ ಇಷ್ಟು ಕಡಿತ, ಹಾಸಿಗೆಗೆ ಇಷ್ಟು, ಪರ್ಮಿಟ್ ಖರ್ಚಿಗೆ ಇಷ್ಟು. ಮಿಕ್ಕಿದ್ದು ಬಡ್ಡಿಗೂ ಸಾಲುವುದಿಲ್ಲ. ಗೇಟಿಗೆ ಬೀಗ ಇಲ್ಲ, ನಿಜ. ಬೀಗ ಇರುವುದು ಬೀರುವಿಗೆ. ಅವನು ಹೋಗುವುದಾದರೂ ಎಲ್ಲಿಗೆ?

ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 1930ರ ಒಡಂಬಡಿಕೆ ಕೇಳುವುದು ಎರಡೇ ಪ್ರಶ್ನೆ. ಯಾವುದಾದರೂ ಶಿಕ್ಷೆಯ ಬೆದರಿಕೆ ಇದೆಯಾ? ಆ ವ್ಯಕ್ತಿ ತಾನಾಗಿ ಒಪ್ಪಿದ್ದಾ? ಮೋಸದಿಂದ ತೆಗೆದುಕೊಂಡ ಒಪ್ಪಿಗೆ ಲೆಕ್ಕಕ್ಕಿಲ್ಲ. ಭಾರತದ ಸುಪ್ರೀಂ ಕೋರ್ಟ್ 1982ರಲ್ಲಿ ಇನ್ನೂ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ ಅಂತ ಹೇಳಿತು. 2021ರ ಅಂದಾಜಿನಂತೆ ಜಗತ್ತಿನಲ್ಲಿ 2 ಕೋಟಿ 76 ಲಕ್ಷ ಜನ ಇಂಥ ದುಡಿಮೆಯಲ್ಲಿದ್ದಾರೆ. ಅದರಲ್ಲಿ 1 ಕೋಟಿ 73 ಲಕ್ಷ ಜನ ದುಡಿಯುತ್ತಿರುವುದು ಹೊಲ, ಕಾರ್ಖಾನೆ, ಕಟ್ಟಡ, ಮನೆಗೆಲಸದಂಥ ಖಾಸಗಿ ಕೆಲಸಗಳಲ್ಲಿ.

ಪ್ರಶ್ನೆ: ಕಾನೂನು ಆಗಲೇ ಇದೆಯಲ್ಲ? ದೊಡ್ಡ ಕಂಪನಿಗಳು ವರ್ಷವರ್ಷವೂ ವರದಿ ಹಾಕುತ್ತವೆ. ಇನ್ನೇನು ಬಿಗಿ ಮಾಡಬೇಕು?

ಉತ್ತರ: ವರದಿ ಹಾಕುತ್ತವೆ. ಚಂದದ ಫೋಟೋ ಸಮೇತ ಹಾಕುತ್ತವೆ. ಆದರೆ ಆ ವರದಿ ಕೇಳುವ ಕಾನೂನನ್ನು ಸ್ವಲ್ಪ ಓದಿ ನೋಡಿ.

ಬ್ರಿಟನ್ನಿನ 2015ರ ಕಾಯ್ದೆ ತಗೊಳ್ಳಿ. ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕೂ ಜಾಸ್ತಿ ವಹಿವಾಟು ಇರುವ ಕಂಪನಿ, ಜೀತ ತಡೆಯಲು ತಾನು ಏನು ಮಾಡಿದೆ ಅಂತ ಹೇಳಿಕೆ ಹೊರಡಿಸಬೇಕು. ಅದೇ 54ನೇ ಸೆಕ್ಷನ್ನಿನಲ್ಲಿ ಇನ್ನೊಂದು ದಾರಿಯನ್ನೂ ಬಿಟ್ಟಿದ್ದಾರೆ. ‘ನಾವು ಏನೂ ಮಾಡಿಲ್ಲ’ ಅಂತ ಬರೆದುಕೊಟ್ಟರೂ ಕಾನೂನು ಪಾಲಿಸಿದ ಹಾಗೆಯೇ! ತಮಾಷೆಗೆ ಹೇಳುತ್ತಿಲ್ಲ, ಹಾಗೇ ಇದೆ. ಆಸ್ಟ್ರೇಲಿಯಾದ 2018ರ ಕಾಯ್ದೆಯಲ್ಲಿ ವರದಿ ಕೊಡದಿದ್ದರೆ ದಂಡ ಅಂತಲೇ ಇರಲಿಲ್ಲ. ದಂಡ ಸೇರಿಸಿ ಅಂತ 2023ರ ಪರಿಶೀಲನಾ ವರದಿ ಹೇಳಬೇಕಾಯಿತು. ಕೆನಡಾ ಪರವಾಗಿಲ್ಲ, 2024ರಿಂದ ಅಲ್ಲಿ 2.5 ಲಕ್ಷ ಡಾಲರ್‌ವರೆಗೆ ದಂಡ ಇದೆ. ಆದರೆ ಅದೂ ವರದಿ ಕೊಡದಿದ್ದಕ್ಕೆ, ಸುಳ್ಳು ಬರೆದಿದ್ದಕ್ಕೆ. ಸರಪಳಿಯಲ್ಲಿ ಜೀತ ಇದೆ ಅನ್ನುವುದಕ್ಕೆ ಅಲ್ಲ.

ಫ್ರಾನ್ಸ್ ಬೇರೆ ದಾರಿ ಹಿಡಿಯಿತು. 2013ರಲ್ಲಿ ಢಾಕಾ ಹತ್ತಿರ ಬಟ್ಟೆ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರಲ್ಲ, ಆಗ ‘ಆ ಕಾರ್ಖಾನೆ ನಮ್ಮದಲ್ಲ, ಗುತ್ತಿಗೆದಾರನದು’ ಅನ್ನುವ ಮಾತು ಎಲ್ಲರಿಗೂ ಸಾಕಾಗಿತ್ತು. 2017ರಲ್ಲಿ ಬಂದ ಕಾಯ್ದೆ, ಗುತ್ತಿಗೆದಾರರಲ್ಲಿ ಏನು ಅಪಾಯ ಇದೆ ಅಂತ ಹುಡುಕಿ ತಡೆಯುವುದು ದೊಡ್ಡ ಕಂಪನಿಯ ಕರ್ತವ್ಯ ಅಂತು. ತಪ್ಪಿದರೆ ನೊಂದವರು ಕೋರ್ಟಿಗೆ ಹೋಗಬಹುದು. ಜರ್ಮನಿಯ ಕಾಯ್ದೆ 2023ರಲ್ಲಿ ಜಾರಿಗೆ ಬಂತು, ತುಂಬಾ ದೊಡ್ಡ ಕಂಪನಿಗಳಿಗೆ ವಹಿವಾಟಿನ ಶೇ 2ರವರೆಗೆ ದಂಡ ಇಟ್ಟಿತು. ಆದರೆ ಪರಿಹಾರಕ್ಕೆ ದಾವೆ ಹೂಡುವ ಹೊಸ ಹಕ್ಕು ಕೊಡಲಿಲ್ಲ. ದಂಡದ ದುಡ್ಡು ಹೋಗುವುದು ಸರ್ಕಾರಕ್ಕೆ. ನಮ್ಮ ಆ ಮನುಷ್ಯನ ಸಾಲ ಹಾಗೇ ಇರುತ್ತದೆ.

ಇನ್ನು ಗಡಿಯಲ್ಲೇ ಮಾಲು ತಡೆಯುವ ಕಾನೂನು. ಅಮೆರಿಕದಲ್ಲಿ ಇದು 1930ರಿಂದಲೂ ಇದೆ. ಆದರೆ ದೇಶದೊಳಗೆ ಆ ವಸ್ತು ಸಾಕಷ್ಟು ತಯಾರಾಗದಿದ್ದರೆ ಜೀತದ ಮಾಲನ್ನೂ ತರಿಸಬಹುದು ಅಂತ ಒಂದು ತೂತು ಇತ್ತು. ಅದನ್ನು ಮುಚ್ಚಿದ್ದು 2016ರಲ್ಲಿ! ಆಮೇಲೆ 2022ರ ಜೂನ್‌ನಿಂದ ಚೀನಾದ ಶಿನ್‌ಜಿಯಾಂಗ್ ಮಾಲಿಗೆ ಲೆಕ್ಕವನ್ನೇ ತಿರುಗಿಸಿದರು. ಹತ್ತಿ, ಟೊಮೆಟೊ, ಸೋಲಾರ್ ಫಲಕಕ್ಕೆ ಬೇಕಾದ ಪಾಲಿಸಿಲಿಕಾನ್, ಏನೇ ಬರಲಿ, ಅದು ಬಲವಂತದ ದುಡಿಮೆಯದೇ ಅಂತ ಮೊದಲು ಭಾವಿಸುವುದು. ಅಲ್ಲ ಅಂತ ಸಾಬೀತು ಮಾಡಬೇಕಾದವನು ಆಮದುದಾರ.

ನನ್ನ ಪ್ರಕಾರ ಇಡೀ ಜಗಳ ಇರುವುದು ಇಲ್ಲೇ. ಸಾಬೀತು ಯಾರು ಮಾಡಬೇಕು? ಬೀರುವಿನ ಬೀಗದ ಕೈ ಇಲ್ಲದವನ ಮೇಲೆ ಆ ಹೊರೆ ಹೊರಿಸಿದರೆ ಯಾವ ಕೇಸೂ ನಿಲ್ಲುವುದಿಲ್ಲ. ಯುರೋಪಿಯನ್ ಒಕ್ಕೂಟವೂ 2024ರಲ್ಲಿ ಇಂಥ ಮಾಲಿಗೆ ನಿಷೇಧ ತಂದಿದೆ, 2027ರ ಡಿಸೆಂಬರ್ 14ರಿಂದ ಅನ್ವಯ. ಆದರೆ ಅಲ್ಲಿ ಸಾಬೀತು ಮಾಡಬೇಕಾದದ್ದು ಅಧಿಕಾರಿಗಳು. ಯಾವುದೋ ಖಂಡದ ಯಾವುದೋ ಹೊಲಕ್ಕೆ ಅವರು ಹೋಗಿ ಸಾಕ್ಷಿ ತರುತ್ತಾರಾ? ನನಗಂತೂ ಅನುಮಾನ.

ಪ್ರಶ್ನೆ: ಹೊರಗಿನ ಸಂಸ್ಥೆಯಿಂದ ಆಡಿಟ್ ಮಾಡಿಸುತ್ತಾರಲ್ಲ, ಅದು ಸಾಲದಾ?

ಉತ್ತರ: ಕರಾಚಿಯ ಒಂದು ಬಟ್ಟೆ ಕಾರ್ಖಾನೆಗೆ 2012ರಲ್ಲಿ ಬೆಂಕಿ ಬಿತ್ತು. ಬಾಗಿಲಿಗೆ ಬೀಗ, ಕಿಟಕಿಗೆ ಸರಳು. 250ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ವಾರ ಮೊದಲು ಆ ಕಾರ್ಖಾನೆಗೆ ಆಡಿಟ್ ಮಾಡಿ ಕೊಡುವ ಹೆಸರಾಂತ ಸರ್ಟಿಫಿಕೇಟ್ ಸಿಕ್ಕಿತ್ತು. ಅದು ಸುರಕ್ಷತೆಯ ವಿಷಯ ಅನ್ನಬಹುದು. ಕಣ್ಣಿಗೆ ಕಾಣುವ ಬೀಗವನ್ನೇ ಕಾಣದ ಆಡಿಟ್ ಕಣ್ಣಿಗೆ ಕಾಣದ ಸಾಲವನ್ನು ಹೇಗೆ ಕಾಣುತ್ತದೆ? ಆಡಿಟರ್ ಬರುವ ದಿನ ಬಹಳ ಸಲ ಮೊದಲೇ ಗೊತ್ತಿರುತ್ತದೆ. ಹಾಜರಿ ಪುಸ್ತಕ ಎರಡಿರುತ್ತವೆ. ಫೀಸು ಕೊಡುವವನು ಹೆಚ್ಚಾಗಿ ಕಾರ್ಖಾನೆಯವನೋ ಖರೀದಿದಾರನೋ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತಿರುವಾಗ ‘ಇಲ್ಲಿ ಚೆನ್ನಾಗಿದ್ದೀರಾ?’ ಅಂತ ಕೇಳಿದರೆ ಯಾರು ತಾನೇ ಇಲ್ಲ ಅಂತಾರೆ, ಹೇಳಿ.

ಪ್ರಶ್ನೆ: ನಮ್ಮದು ಸಣ್ಣ ಘಟಕ, ದೊಡ್ಡ ಬ್ರ್ಯಾಂಡಿಗೆ ಮಾಲು ಕೊಡುತ್ತೇವೆ. ಈ ಕಾನೂನುಗಳು ಬಂದ ಮೇಲೆ ನೂರಾರು ಪ್ರಶ್ನೆಗಳ ಫಾರಂ ಬರುತ್ತಿದೆ. ರೇಟು ಮಾತ್ರ ಏರಿಲ್ಲ. ಇದು ನ್ಯಾಯವಾ?

ಉತ್ತರ: ಅಲ್ಲ. ನೀವು ಹೇಳಿದ್ದನ್ನು ಕಾನೂನು ಬರೆಯುವವರು ಕೇಳಿಸಿಕೊಳ್ಳಬೇಕು. ‘ನಮ್ಮಲ್ಲಿ ಬಲವಂತದ ದುಡಿಮೆ ಇಲ್ಲ’ ಅಂತ ನಿಮ್ಮಿಂದ ಸಹಿ ಮಾಡಿಸಿಕೊಂಡು ದೊಡ್ಡವರು ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಅದೇ ಬ್ರ್ಯಾಂಡಿನ ಖರೀದಿ ವಿಭಾಗ ರೇಟು ಕತ್ತರಿಸುತ್ತದೆ, ಆರ್ಡರ್ ಮಧ್ಯದಲ್ಲಿ ಡಿಸೈನ್ ಬದಲಿಸುತ್ತದೆ, ದಿನಾಂಕ ಮಾತ್ರ ಕದಲಿಸುವುದಿಲ್ಲ. ಕೆಲಸ ಮುಗಿಯಬೇಕಲ್ಲ? ಆಗಲೇ ಉಪಗುತ್ತಿಗೆ, ಆಗಲೇ ಏಜೆಂಟ್ ತಂದ ಅಗ್ಗದ ಕೈಗಳು. ಹಾಗಾಗಿ ಕಂಪನಿ ಏನು ಬೆಲೆಗೆ, ಎಷ್ಟು ದಿನದ ಗಡುವಿನಲ್ಲಿ ಕೊಂಡಿತು ಅನ್ನುವುದನ್ನೂ ತನಿಖೆಯೊಳಗೆ ತರಬೇಕು. ಆದರೆ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಹೊರಗಿನಿಂದ ಬಂದ ಕೆಲಸಗಾರರಿದ್ದರೆ ಅವರು ಏಜೆಂಟ್‌ಗೆ ಎಷ್ಟು ಕೊಟ್ಟರು ಅಂತ ಕೇಳಿದ್ದೀರಾ? ಫಾರಂನಲ್ಲಿ ಆ ಪ್ರಶ್ನೆ ಇರಲಿ, ಬಿಡಲಿ.

ಪ್ರಶ್ನೆ: ನಿಷೇಧ ಹಾಕಿದರೆ ಮೊದಲು ಕೆಲಸ ಹೋಗುವುದು ಬಡವರದ್ದೇ ಅಲ್ವಾ?

ಉತ್ತರ: ಈ ಭಯ ಸುಮ್ನೆ ಅಲ್ಲ. ಮಾಲು ತಡೆದು ಅಷ್ಟಕ್ಕೇ ಬಿಟ್ಟರೆ ಹಾಗೇ ಆಗಬಹುದು, ಕಂಪನಿ ಗಂಟುಮೂಟೆ ಕಟ್ಟಿ ಬೇರೆ ದೇಶಕ್ಕೆ ಹೋಗುತ್ತದೆ. ಆದರೆ ಬೇರೆ ಥರವೂ ಆಗಿದೆ. ಮಲೇಷ್ಯಾದ ಒಂದು ದೊಡ್ಡ ಕೈಗವಸು ಕಂಪನಿಯ ಮಾಲನ್ನು ಅಮೆರಿಕ 2020ರ ಜುಲೈನಲ್ಲಿ ತಡೆಯಿತು. ಕೋವಿಡ್ ಕಾಲ, ಕೈಗವಸಿಗೆ ಚಿನ್ನದ ಬೆಲೆ. 2021ರ ಸೆಪ್ಟೆಂಬರ್‌ನಲ್ಲಿ ತಡೆ ತೆಗೆಯುವ ಹೊತ್ತಿಗೆ ಕಂಪನಿ ಕಾರ್ಮಿಕರಿಗೆ 3 ಕೋಟಿ ಡಾಲರ್‌ಗೂ ಜಾಸ್ತಿ ವಾಪಸ್ ಕೊಟ್ಟಿತ್ತು. ನೇಮಕಕ್ಕಾಗಿ ಅವರು ಸಾಲ ಮಾಡಿ ತೆತ್ತ ದುಡ್ಡೂ ಅದರಲ್ಲಿತ್ತು. ಯಾವ ವರದಿಯೂ ಮಾಡದ ಕೆಲಸವನ್ನು ಬಂದರಿನಲ್ಲಿ ನಿಂತ ಕಂಟೇನರ್ ಮಾಡಿತು.

ಉಜ್ಬೇಕಿಸ್ತಾನದ ಕಥೆ ಇನ್ನೂ ಉದ್ದ. ಅಲ್ಲಿ ಸರ್ಕಾರವೇ ಮಕ್ಕಳು, ಶಿಕ್ಷಕರು, ನರ್ಸ್‌ಗಳನ್ನು ಹತ್ತಿ ಬಿಡಿಸಲು ಹೊಲಕ್ಕೆ ಕಳಿಸುತ್ತಿತ್ತು. ನೂರಾರು ಬ್ರ್ಯಾಂಡ್‌ಗಳು ವರ್ಷಗಟ್ಟಲೆ ಆ ಹತ್ತಿ ಮುಟ್ಟಲಿಲ್ಲ. 2021ರ ಕೊಯ್ಲಿನಲ್ಲಿ ವ್ಯವಸ್ಥಿತ ಬಲವಂತದ ದುಡಿಮೆ ಇರಲಿಲ್ಲ ಅಂತ ಐಎಲ್‌ಒ ಹೇಳಿದ ಮೇಲೆ 2022ರ ಮಾರ್ಚ್‌ನಲ್ಲಿ ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದ ಸಂಘಟನೆಗಳು ಅದನ್ನು ಹಿಂದಕ್ಕೆ ಪಡೆದವು. ಹಾಗಾಗಿ ನಿಷೇಧದ ಕಾನೂನಿನಲ್ಲೇ ಬರೆದಿರಬೇಕು: ತಡೆ ತೆಗೆಯಬೇಕಾದರೆ ಮೊದಲು ಕಾರ್ಮಿಕನ ಬಾಕಿ ಚುಕ್ತಾ ಆಗಬೇಕು. ಯುರೋಪಿನ ಹೊಸ ನಿಯಮದಲ್ಲಿ ಇದನ್ನು ಕಡ್ಡಾಯ ಮಾಡಿಲ್ಲ.

ಪ್ರಶ್ನೆ: ಸುಮ್ಮನೆ ಸಾಮಾನು ಕೊಳ್ಳುವ ನನ್ನಂಥವರು ಏನು ಮಾಡಬಹುದು?

ಉತ್ತರ: ಅಂಗಿಯ ಲೇಬಲ್ ನೋಡಿ ಏನೂ ಗೊತ್ತಾಗುವುದಿಲ್ಲ, ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ನೀವು ಜಾಸ್ತಿ ಕೊಳ್ಳುವ ಯಾವುದಾದರೂ ಒಂದು ಕಂಪನಿಗೆ ಒಂದೇ ಸಾಲಿನ ಇಮೇಲ್ ಬರೆಯಿರಿ. ‘ನಿಮ್ಮ ಪೂರೈಕೆದಾರರ ಕೆಲಸಗಾರರಿಗೆ ಕೆಲಸ ಕೊಡಿಸಿದ ಏಜೆಂಟ್ ಫೀಸನ್ನು ಯಾರು ಕೊಟ್ಟರು?’ ಖಾಸಗಿ ಏಜೆನ್ಸಿಗಳು ಕಾರ್ಮಿಕರಿಂದ ಫೀಸು ವಸೂಲಿ ಮಾಡಬಾರದು ಅಂತ ಐಎಲ್‌ಒ 1997ರಲ್ಲೇ ಹೇಳಿದೆ, ಅದನ್ನೂ ಸೇರಿಸಿ. ಉತ್ತರವಾಗಿ ಅರವತ್ತು ಪುಟದ ಪಿಡಿಎಫ್ ಬರುತ್ತದೆ. ಅದರಲ್ಲಿ ಉತ್ತರ ಇಲ್ಲದಿದ್ದರೆ ಅದೇ ಸಾಲನ್ನು ಮತ್ತೆ ಕಳಿಸಿ.