ಗಾಡಿ ಚಾರ್ಜ್ ಆಗ್ತಿದೆ ಸರಿ, ಅರ್ಥಿಂಗ್ ಎಲ್ಲಿ?

ಈ ಸಲ ಬಂದ ಪ್ರಶ್ನೆಗಳಲ್ಲಿ ಒಂದಕ್ಕೆ ಮಾತ್ರ ಉದ್ದ ಉತ್ತರ ಬರೆದಿದ್ದೇನೆ. ಬೇರೆ ಬೇರೆ ಊರುಗಳಿಂದ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಒಬ್ಬರಾದರೂ ಓದಿ ಇವತ್ತೇ ಸಾಕೆಟ್ ಬಿಚ್ಚಿ ನೋಡಲಿ ಅನ್ನೋದೇ ನನ್ನ ಆಸೆ.

ದಾವಣಗೆರೆಯ ವ್ಯಾಪಾರಿಯೊಬ್ಬರ ಪ್ರಶ್ನೆ: ನಮ್ಮ ಎಲೆಕ್ಟ್ರಿಕ್ ಮಿನಿ ಟ್ರಕ್ ಗೋದಾಮಿನಲ್ಲಿ ಚಾರ್ಜ್ ಆಗುತ್ತಿರಲಿಲ್ಲ. ಚಾರ್ಜಿಂಗ್ ಕೇಬಲ್ಲಿಗೆ ಜೋಡಿಸಿರುವ ಡಬ್ಬದಲ್ಲಿ ಅರ್ಥ್ ಇಲ್ಲ ಅಂತ ಕೆಂಪು ದೀಪ ಬರುತ್ತಿತ್ತು. ಹಳೇ ಕೇಬಲ್ ಹಾಕಿದರೆ ಚಾರ್ಜ್ ಆಗುತ್ತಿತ್ತು, ಆದರೆ ಬಾಡಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ನಮ್ಮ ಎಲೆಕ್ಟ್ರಿಷಿಯನ್ ಸಾಕೆಟ್ ಒಳಗೆ ಒಂದು ತುಂಡು ವೈರ್ ಹಾಕಿದ. ಈಗ ದೀಪ ಹಸಿರು, ಜುಮ್ ಅನ್ನೋದೂ ಇಲ್ಲ. ಹೀಗೇ ಬಿಡಬಹುದಾ ಸಾರ್?

ಬಿಡಬೇಡಿ. ಈ ಸಾಲು ಓದಿದ ಕೂಡಲೇ ಮೇನ್ ಆಫ್ ಮಾಡಿಸಿ. ಆ ತುಂಡು ವೈರ್ ತೆಗೆಯುವವರೆಗೆ ಅಲ್ಲಿ ಚಾರ್ಜ್ ಮಾಡಬೇಡಿ.

ಆ ತುಂಡು ವೈರ್ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ದಾರಿ) ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ ಇದೆ. ನಾನು ಇಂಥವನ್ನು ಎಷ್ಟೋ ಬಿಚ್ಚಿದ್ದೇನೆ. ಕಳೆದ ಮಳೆಗಾಲದಲ್ಲಿ ಒಂದು ಗೋದಾಮಿನಲ್ಲಿ ಬಿಚ್ಚಿದಾಗ ಬೆರಳಿನ ಎರಡು ಗೆಣ್ಣಿನಷ್ಟು ಉದ್ದದ ಕಪ್ಪು ವೈರ್ ಸಿಕ್ಕಿತು. ಸ್ಕ್ರೂ ಕೆಳಗೆ ನೀಟಾಗಿ ಬಿಗಿದಿದ್ದರು. ಟ್ರಕ್ಕಿನ ಬಾಡಿಗೂ ನೆಲಕ್ಕೆ ಹೊಡೆದ ಒಂದು ಮೊಳೆಗೂ ಮೀಟರ್ ಹಿಡಿದೆ. 4 ವೋಲ್ಟ್ ತೋರಿಸಿತು. ಪಕ್ಕದ ವೆಲ್ಡಿಂಗ್ ಶಾಪಿನವನು ಕಿಡಿ ಹಾರಿಸಿದಾಗಲೆಲ್ಲ ಅದು 30ಕ್ಕೆ ಏರುತ್ತಿತ್ತು, ಕಿಡಿ ನಿಂತರೆ ಮತ್ತೆ 4. ಪಕ್ಕದ ಅಂಗಡಿಯ ವೆಲ್ಡಿಂಗ್ ಕರೆಂಟ್ ನಿಮ್ಮ ಟ್ರಕ್ಕಿನ ಡಾಲಾ (ಇಳಿಸುವ ಹಲಗೆ) ಮೇಲೆ ಕಾಣಿಸುತ್ತಿದೆ ಅಂದರೆ ಬಾಡಿ ಕಂಬದ ನ್ಯೂಟ್ರಲ್ಲಿಗೆ ನೇರವಾಗಿ ಕಟ್ಟಿಹಾಕಿದೆ ಅಂತ ಅರ್ಥ.

ಮೊದಲು ಆ ಜುಮ್ ಯಾಕೆ ಬರುತ್ತಿತ್ತು ನೋಡಿ. ಗಾಡಿಯೊಳಗೇ ಇರುವ ಆನ್‌ಬೋರ್ಡ್ ಚಾರ್ಜರ್ ಒಳಗೆ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುತ್ತವೆ. ಅದರ ಗದ್ದಲ ಲೈನಿಗೆ ಹೋಗಬಾರದು ಅಂತ ಬಾಗಿಲಲ್ಲೇ ಒಂದು ಫಿಲ್ಟರ್ ಇರುತ್ತದೆ. ಅದರಲ್ಲಿ ಫೇಸಿನಿಂದ ಬಾಡಿಗೆ ಒಂದು, ನ್ಯೂಟ್ರಲ್‌ನಿಂದ ಬಾಡಿಗೆ ಒಂದು ಸಣ್ಣ ಕ್ಯಾಪಾಸಿಟರ್ ಇವೆ. ಎರಡೂ ಒಂದೇ ಅಳತೆಯವು. ಅರ್ಥ್ ಇಲ್ಲದಿದ್ದರೆ ಬಾಡಿ ಇವೆರಡರ ನಡುವೆ ತೂಗಾಡಿ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಬಂದು ನಿಲ್ಲುತ್ತದೆ. ಹರಿಯುವ ಕರೆಂಟ್ ಮಿಲಿಆಂಪಿಯರ್ ಲೆಕ್ಕದ್ದು, ಅದಕ್ಕೇ ಜುಮ್ ಅಂದು ಬಿಡುತ್ತದೆ. ಟೆಸ್ಟರ್ ಇಟ್ಟರೆ ದೀಪ ಹತ್ತುತ್ತದೆ. ಚಾರ್ಜರ್ ಕೆಟ್ಟಿಲ್ಲ. ಅದು ನಿಮಗೆ ಅರ್ಥಿಂಗ್ ಇಲ್ಲ ಅಂತ ಹೇಳುತ್ತಿತ್ತು. ನಿಮ್ಮವರು ನ್ಯೂಟ್ರಲ್ಲನ್ನೇ ಅರ್ಥ್ ಅಂತ ನಂಬಿಸಿ ಅದರ ಬಾಯಿ ಮುಚ್ಚಿಸಿದರು, ಅಷ್ಟೇ.

ಈಗ ಗಾಳಿಗೆ ಕಂಬದಲ್ಲಿ ನ್ಯೂಟ್ರಲ್ ಲೂಸ್ ಆಯಿತು ಅಂದುಕೊಳ್ಳಿ. ನಮ್ಮ ಕಡೆ ಇದು ಹೊಸದೇನಲ್ಲ, ಅಲ್ವಾ? ಫೇಸಿನಿಂದ ಬಂದ ಕರೆಂಟ್ ಗೋದಾಮಿನ ಫ್ಯಾನು, ಬಲ್ಬು, ಚಾರ್ಜರ್ ಎಲ್ಲದರ ಮೂಲಕ ನ್ಯೂಟ್ರಲ್ಲಿಗೆ ಬರುತ್ತದೆ. ವಾಪಸ್ ಹೋಗಲು ದಾರಿ ಇಲ್ಲ. ಆ ತುಂಡು ವೈರ್ ಹಿಡಿದು ಟ್ರಕ್ಕಿನ ಬಾಡಿಗೆ ಏರುತ್ತದೆ. ಬಾಡಿ ಪೂರ್ತಿ 230 ವೋಲ್ಟ್. ಟೈರು ರಬ್ಬರಿನದು, ನೆಲಕ್ಕೆ ಇಳಿಯೋಕೆ ಬೇರೆ ದಾರಿಯೇ ಇಲ್ಲ. ಬೆಳಿಗ್ಗೆ ಐದಕ್ಕೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಡಾಲಾ ಇಳಿಸುವ ಹಮಾಲಿಯೇ ಆ ದಾರಿ. ಇನ್ನು ಯಾರೋ ಬೋರ್ಡಿನಲ್ಲಿ ಫೇಸು ನ್ಯೂಟ್ರಲ್ಲು ಅದಲುಬದಲು ಮಾಡಿದರೆ ನ್ಯೂಟ್ರಲ್ ಕಡಿಯುವುದೂ ಬೇಡ, ಆ ಕ್ಷಣದಿಂದಲೇ ಬಾಡಿ ಲೈವ್.

"ಚಾರ್ಜರ್ ಒಳಗೆ ಟ್ರಾನ್ಸ್‌ಫಾರ್ಮರ್ ಇದೆ, ಶಾಕ್ ಹೊಡೆಯಲ್ಲ" ಅಂತ ಒಬ್ಬ ಮೆಕ್ಯಾನಿಕ್ ನನ್ನೆದುರೇ ವಾದ ಮಾಡಿದ. ಟ್ರಾನ್ಸ್‌ಫಾರ್ಮರ್ ಇರೋದು ನಿಜ. ಅದು ಬ್ಯಾಟರಿಯನ್ನು ಲೈನಿನಿಂದ ಬೇರೆ ಮಾಡುತ್ತದೆ, ಬಾಡಿಯನ್ನಲ್ಲ. ಫಿಲ್ಟರ್, ಪವರ್ ಫ್ಯಾಕ್ಟರ್ ತಿದ್ದುವ ಭಾಗ, ಸುಮಾರು 400 ವೋಲ್ಟ್ ಹಿಡಿದಿಡುವ ದೊಡ್ಡ ಕ್ಯಾಪಾಸಿಟರ್ ಎಲ್ಲವೂ ಟ್ರಾನ್ಸ್‌ಫಾರ್ಮರಿಗಿಂತ ಮುಂಚೆ, ಲೈನಿನ ಕಡೆಯೇ ಇವೆ. ಅವನ್ನು ಹೊತ್ತ ಅಲ್ಯುಮಿನಿಯಂ ಡಬ್ಬವನ್ನು ಚಾಸಿಗೆ ಬೋಲ್ಟ್ ಮಾಡಿರುತ್ತಾರೆ.

ಹಾಗಾದರೆ ಏನು ಮಾಡಬೇಕು? ಚಾರ್ಜಿಂಗ್ ಜಾಗಕ್ಕೆ ಅಂತಲೇ ಬೇರೆ ಅರ್ಥ್ ಗುಂಡಿ ಮಾಡಿಸಿ. 2.5 ಮೀಟರಿಗೆ ಕಡಿಮೆ ಇಲ್ಲದ ಪೈಪು ಅಥವಾ ರಾಡು ಬೇಕು. ಕಲ್ಲು ನೆಲವಾದರೆ ಒಂದು ಸಾಲದು, ದೂರ ದೂರ ಎರಡು ಮೂರು ಹಾಕಿ ಸೇರಿಸಿ. ಬೇಸಿಗೆಯಲ್ಲಿ ನೀರು ಹಾಕಿ. ಆಮೇಲೆ ಅರ್ಥ್ ಟೆಸ್ಟರ್ ಇಟ್ಟು ಅಳೆಸಿ, ಎಷ್ಟು ಓಮ್ ಅಂತ ಕಾಗದದ ಮೇಲೆ ಬರೆಸಿಕೊಳ್ಳಿ.

ಫೇಸಿಗೂ ಅರ್ಥಿಗೂ ನಡುವೆ ಬಲ್ಬ್ ಹಚ್ಚಿ ತೋರಿಸಿದರೆ ಒಪ್ಪಬೇಡಿ. 100 ವ್ಯಾಟಿನ ಬಲ್ಬು ಎಳೆಯೋದು ಅರ್ಧ ಆಂಪಿಯರಿಗಿಂತ ಕಡಿಮೆ. ಅರ್ಥಿಂಗ್ 50 ಓಮ್ ಇದ್ದರೂ ಅಲ್ಲಿ 20 ವೋಲ್ಟ್ ಹೋಗುತ್ತದೆ ಅಷ್ಟೇ, ಬಲ್ಬು ಚೆನ್ನಾಗೇ ಉರಿಯುತ್ತದೆ. ಬಲ್ಬು ಉರಿದದ್ದು ನೋಡಿ ದುಡ್ಡು ಕೊಟ್ಟು ಕಳಿಸಿದವರನ್ನು ಎಷ್ಟು ನೋಡಿದ್ದೇನೋ!

ಒಳ್ಳೆ ಗುಂಡಿ ಇದ್ದರೂ ಬರೀ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಸಾಲದು. ಲೆಕ್ಕ ಹಾಕಿ: ಅರ್ಥಿಂಗ್ 20 ಓಮ್ ಇದೆ, ಫೇಸ್ ಬಾಡಿಗೆ ತಗುಲಿತು. 230 ಭಾಗಿಸು 20, ಅಂದರೆ 11.5 ಆಂಪಿಯರ್. ನಿಮ್ಮ 16 ಆಂಪಿಯರ್ ಎಂಸಿಬಿ ಅದನ್ನು ಮಾಮೂಲಿ ಲೋಡ್ ಅಂದುಕೊಂಡು ಸುಮ್ನೆ ಕೂರುತ್ತದೆ. 5 ಓಮ್ ಇದ್ದರೆ 46 ಆಂಪಿಯರ್ ಹರಿಯುತ್ತದೆ, ಆಗಲೂ ಬೀಳೋಕೆ ಎಷ್ಟೋ ಸೆಕೆಂಡ್ ಬೇಕಾಗಬಹುದು. ಅದಕ್ಕೇ ಸಣ್ಣ ಸೋರಿಕೆಗೂ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಅದು 0.3 ಸೆಕೆಂಡ್ ಒಳಗೆ ಬೀಳುತ್ತದೆ.

ಅಂಗಡಿಯಲ್ಲಿ ಕೊಟ್ಟದ್ದು ತರಬೇಡಿ, ಅದರ ಮುಖ ನೋಡಿ. ಚೌಕದೊಳಗೆ ಒಂದೇ ಅಲೆಯ ಗುರುತು ಇದ್ದರೆ ಅದು ಟೈಪ್ ಎಸಿ. ಅಲೆಯ ಕೆಳಗೆ ಇನ್ನೊಂದು ಸಾಲಿನಲ್ಲಿ ಅರ್ಧ ಅಲೆಗಳೂ ಇದ್ದರೆ ಟೈಪ್ ಎ. ಚಾರ್ಜರ್ ಒಳಗೆ ಡಿಸಿ ಇದೆ. ಅದು ಸೋರಿದರೆ ಟೈಪ್ ಎಸಿ ಕುರುಡಾಗಿಬಿಡುತ್ತದೆ. ಕನಿಷ್ಠ ಟೈಪ್ ಎ ತನ್ನಿ. ಜೊತೆಗೆ ನಿಮ್ಮ ಕೇಬಲ್ ಡಬ್ಬ 6 ಮಿಲಿಆಂಪಿಯರ್ ಡಿಸಿ ಸೋರಿಕೆ ಗುರುತಿಸುತ್ತದಾ ಅಂತ ಗಾಡಿ ಮಾರಿದವರನ್ನು ಕೇಳಿ. ಇಲ್ಲ ಅಥವಾ ಗೊತ್ತಿಲ್ಲ ಅಂದರೆ ಡಿಸಿ ಸೋರಿಕೆಯನ್ನೂ ಹಿಡಿಯುವ ಟೈಪ್ ಬಿ ಹಾಕಿಸಿ. ದುಬಾರಿ, ಆದರೂ ನಾನಾದರೆ ಅದನ್ನೇ ಹಾಕಿಸುತ್ತೇನೆ. ಆ ಹಳೇ ಕೇಬಲ್ಲನ್ನು ಕತ್ತರಿಸಿ ಎಸೆಯಿರಿ, ಮತ್ತೆ ಯಾರೂ ಬಳಸದ ಹಾಗೆ.

ಬೆಳಗಾವಿ: ಹಿಂದಿನ ಚಕ್ರಕ್ಕೆ ಆಲ್ಟರ್ನೇಟರ್ ಕೂರಿಸಿದರೆ ಓಡುತ್ತಲೇ ಚಾರ್ಜ್ ಆಗುತ್ತೆ ಅಂತ ವಿಡಿಯೋ ನೋಡಿದೆ.

ಸುಳ್ಳು. ಅದನ್ನು ತಿರುಗಿಸೋಕೆ ಖರ್ಚಾಗುವುದೂ ಅದೇ ಬ್ಯಾಟರಿ, ವಾಪಸ್ ಬರುವುದು ಅದಕ್ಕಿಂತ ಕಡಿಮೆ. ಬ್ರೇಕ್ ಹಿಡಿದಾಗ, ಘಾಟಿ ಇಳಿಯುವಾಗ ಸಿಗುವುದನ್ನು ನಿಮ್ಮ ಗಾಡಿಯ ಮೋಟಾರೇ ಹಿಡಿದು ವಾಪಸ್ ಕೊಡುತ್ತಿದೆ.

ತುಮಕೂರು: ಪ್ಲಗ್ಗಿಗೆ ಹಾಕುವ ಪವರ್ ಸೇವರ್ ಡಬ್ಬದಿಂದ ಚಾರ್ಜಿಂಗ್ ಬಿಲ್ ಇಳಿಯುತ್ತಾ?

ಇಲ್ಲ. ದುಡ್ಡು ದಂಡ.

ಬೆಂಗಳೂರು: 3.3 ಕಿಲೋವ್ಯಾಟ್ ಚಾರ್ಜರ್ ತೆಗೆದು 6.6 ಹಾಕಿಕೊಡುತ್ತೇನೆ ಅಂತ ಒಬ್ಬರು ಹೇಳುತ್ತಿದ್ದಾರೆ.

ಬೇಡ. ಚಾರ್ಜರ್ ಬ್ಯಾಟರಿ ಮ್ಯಾನೇಜ್‌ಮೆಂಟ್ ಜೊತೆ ಮಾತಾಡುತ್ತಾ ಕೆಲಸ ಮಾಡಬೇಕು. ವೈರು, ಫ್ಯೂಸು, ತಂಪು ಮಾಡುವ ವ್ಯವಸ್ಥೆ ಎಲ್ಲ 3.3ರ ಲೆಕ್ಕದಲ್ಲಿವೆ. ಆತನ ಹತ್ತಿರ ಇವಕ್ಕೆ ಉತ್ತರ ಇರೋದಿಲ್ಲ.

ಜರ್ಮನಿಯಲ್ಲಿರುವ ಕನ್ನಡಿಗರೊಬ್ಬರು: ಇಲ್ಲಿನ ದೊಡ್ಡ ಟ್ರಕ್ಕುಗಳಲ್ಲಿ ದೊಡ್ಡ ಆನ್‌ಬೋರ್ಡ್ ಚಾರ್ಜರ್ ಯಾಕೆ ಹಾಕಲ್ಲ?

ಮರ್ಸಿಡಿಸ್ ಇ-ಆಕ್ಟ್ರೋಸ್ 600 ತಗೊಳ್ಳಿ. ಬ್ಯಾಟರಿ 621 ಕಿಲೋವ್ಯಾಟ್ ಅವರ್. ಮೂರು ಫೇಸ್, 32 ಆಂಪಿಯರ್ ಸಾಕೆಟ್ ಕೊಡೋದು 22 ಕಿಲೋವ್ಯಾಟ್. ತುಂಬೋಕೆ 28 ಗಂಟೆ ಬೇಕು. ನೂರಾರು ಕಿಲೋವ್ಯಾಟಿನ ಚಾರ್ಜರ್ ಟ್ರಕ್ಕಿನಲ್ಲೇ ಹೊತ್ತು ತಿರುಗಿದರೆ ಆ ತೂಕ ಸರಕಿನ ಲೆಕ್ಕದಿಂದ ಕಳೆಯಬೇಕು, ಅದನ್ನು ತಂಪು ಮಾಡುವ ರೇಡಿಯೇಟರೂ ಬೇಕು. ಅದಕ್ಕೇ ಚಾರ್ಜರ್ ನೆಲದ ಮೇಲೆ ನಿಂತು ಡಿಸಿಯನ್ನು ನೇರ ಬ್ಯಾಟರಿಗೆ ಕೊಡುತ್ತದೆ. ಈ ಟ್ರಕ್ ಸಿಸಿಎಸ್ ಅನ್ನುವ ಡಿಸಿ ಚಾರ್ಜಿಂಗ್ ಪ್ಲಗ್ಗಿನಲ್ಲಿ 400 ಕಿಲೋವ್ಯಾಟ್ ತಗೊಳ್ಳುತ್ತದೆ. ಮೆಗಾವ್ಯಾಟ್ ಚಾರ್ಜಿಂಗ್ ಪ್ಲಗ್ಗಿನ ಮಿತಿ 1250 ವೋಲ್ಟ್, 3000 ಆಂಪಿಯರ್.

ಹಾವೇರಿ: ಕರೆಂಟ್ ಹೋದಾಗ ಸಣ್ಣ ಜನರೇಟರಿನಲ್ಲಿ ಹಾಕಿದರೆ ಅರ್ಥ್ ಇಲ್ಲ ಅನ್ನುತ್ತೆ, ಚಾರ್ಜ್ ಆಗಲ್ಲ.

ಸಣ್ಣ ಜನರೇಟರುಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್ ಎಲ್ಲಿಗೂ ಕಟ್ಟಿರುವುದಿಲ್ಲ. ನ್ಯೂಟ್ರಲ್ಲು ಅರ್ಥು ಸೇರಬೇಕಾದ ಜಾಗ ಕರೆಂಟ್ ಹುಟ್ಟುವ ಕಡೆ. ಲೈನಿನಲ್ಲಾದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಹತ್ತಿರ, ಜನರೇಟರಿನಲ್ಲಾದರೆ ಜನರೇಟರ್ ಹತ್ತಿರ. ಅದನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ರಾಡು ಹಾಕಿಸಿ, ಆರ್‌ಸಿಸಿಬಿಗಿಂತ ಮುಂಚೆ ಮಾಡಿಸಿ. ಸಾಕೆಟ್ ಒಳಗೆ ಮಾತ್ರ ಯಾರಿಗೂ ತುಂಡು ವೈರ್ ಹಾಕೋಕೆ ಬಿಡಬೇಡಿ.