ಓದುಗರ ಪ್ರಶ್ನೆ: ಬರೆ ಜರಿಯುವುದೇಕೆ, ತೋಟದ ಮಣ್ಣು ಹುಳಿಯಾಗುವುದೇಕೆ?

ಪ್ರಶ್ನೆ: 2022ರ ಜೂನ್‌ನಲ್ಲಿ ಕೊಡಗಿನ ಚೆಂಬು ಕಡೆ ನೆಲ ನಡುಗಿತು. 2018ರಲ್ಲಿ ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡ ಜಾರಿದ್ದಕ್ಕೂ ಭೂಫಲಕಗಳ (ಭೂಮಿಯ ಹೊರಪದರದ ದೊಡ್ಡ ತುಂಡುಗಳ) ಚಲನೆಯೇ ಕಾರಣವೇ? ನಮ್ಮ ಮನೆಯ ಹಿಂದೆಯೂ ಕಡಿದ ಬರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಇದೆ.
– ಮಡಿಕೇರಿ ತಾಲ್ಲೂಕಿನ ಓದುಗರು

ಉತ್ತರ: ಅಲ್ಲ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ. ಉತ್ತರಕ್ಕೆ ಸರಿಯುತ್ತಿದೆ ನಿಜ, ಆದರೆ ಅದು ಏಷ್ಯಾಕ್ಕೆ ಒತ್ತುವುದು ಹಿಮಾಲಯದಲ್ಲಿ. ಕೊಡಗು ಆ ಅಂಚಿನಿಂದ ಬಹಳ ದೂರ. ಇಲ್ಲಿ ಹಳೆಯ ಬಿರುಕುಗಳಲ್ಲಿ ಸಣ್ಣ ಕಂಪನ ಆಗುವುದುಂಟು, ಅಷ್ಟೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಇಳಿಸಿದ್ದು ಮಳೆ ನೀರು.

ಫಲಕಗಳ ಪಾತ್ರ ಬೇರೆಯದು, ಬಲು ಹಳೆಯದು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಟ್ಟಿತು. ಪಶ್ಚಿಮ ಘಟ್ಟದ ಗೋಡೆ ಆ ಒಡಕಿನ ಅಂಚಿನ ಉಳಿಕೆ. ಮುಂಗಾರು ಅದಕ್ಕೆ ಬಡಿದು ಸುರಿಯುತ್ತದೆ. ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ನೀರಿಗೆ ಕೊಳೆತು ಜೇಡಿಯಾಗುತ್ತದೆ, ಬೆಣಚು ಮರಳಾಗಿ ಉಳಿಯುತ್ತದೆ, ಕಬ್ಬಿಣ ಮಣ್ಣಿಗೆ ಕೆಂಪು ಬಳಿಯುತ್ತದೆ. ನಿಮ್ಮ ಬರೆಯನ್ನೇ ನೋಡಿ: ಮೇಲೆ ಅರ್ಧ ಅಡಿ ಕಪ್ಪು ಮಣ್ಣು, ಕೆಳಗೆ ಕೆಂಪು, ಅದರಡಿ ಕಲ್ಲಿನ ಗೆರೆಗಳು ಕಂಡರೂ ಉಗುರಿಗೆ ಪುಡಿಯಾಗುವ ಪದರ. ಇಂಗಿದ ನೀರು ಗಟ್ಟಿ ಬಂಡೆಯ ಮೇಲೆ ನಿಂತು ಈ ಪದರವನ್ನು ಒಳಗಿಂದ ತಳ್ಳುತ್ತದೆ. ಬುಡ ಕಡಿದಿದ್ದರೆ ತಡೆಯಲು ಆಸರೆಯಿಲ್ಲ.

ಬರೆಯ ಮೇಲೆ ಬಿಲ್ಲಿನಾಕಾರದ ಬಿರುಕು, ವಾಲಿದ ಮರ, ಹೊಸದಾಗಿ ಚಿಮ್ಮುವ ಕೆಸರು ನೀರು ಅಪಾಯದ ಗುರುತು. ಬಿರುಕಿಗೆ ಜೇಡಿ ಒತ್ತಿ, ಟಾರ್ಪಾಲ್ ಹೊದಿಸಿ. ಮೇಲಿನ ನೀರನ್ನು ಸಿಮೆಂಟ್ ಚರಂಡಿಯಲ್ಲಿ ಪಕ್ಕದ ತೋಡಿಗೆ ತಿರುಗಿಸಿ. ಕೆಸರು ನೀರು ಬಂದರೆ ಮಾತ್ರ ಏನೂ ಮಾಡುತ್ತ ನಿಲ್ಲಬೇಡಿ, ನಡುರಾತ್ರಿಯಾದರೂ ಮನೆ ಬಿಡಿ.

ಪ್ರಶ್ನೆ: ಹಾಗಾದರೆ ಕಾಫಿ ತೋಟದಲ್ಲಿ ತೊಟ್ಟಿಲು ಗುಂಡಿ (ಹರಿಯುವ ನೀರು, ಮಣ್ಣು ಹಿಡಿಯುವ ಗುಂಡಿ) ತೆಗೆಯುವುದು ತಪ್ಪೇ? ವರ್ಷಾ ವರ್ಷ ಸುಣ್ಣ ಹಾಕಿದರೂ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 4.8 ದಾಟುತ್ತಿಲ್ಲ, ಏಕೆ?
– ಸೋಮವಾರಪೇಟೆಯ ಓದುಗರು

ಉತ್ತರ: ಸಾಧಾರಣ ಇಳಿಜಾರಿನಲ್ಲಿ ಗುಂಡಿ ಬೇಕೇ ಬೇಕು. ಒಂದಡಿ ಅಗಲ, ಒಂದೂವರೆ ಅಡಿ ಆಳ, ಸಾಲುಗಳ ನಡುವೆ ಇಳಿಜಾರಿಗೆ ಅಡ್ಡಲಾಗಿ, ಒಂದರ ನೇರಕ್ಕೆ ಇನ್ನೊಂದು ಬಾರದಂತೆ. ತುಂಬಿದ ಹೂಳನ್ನು ವರ್ಷಕ್ಕೊಮ್ಮೆ ತೆಗೆದು ಗಿಡದ ಬುಡಕ್ಕೆ ಕೊಡಿ. ಕೊಚ್ಚಿಹೋಗಬೇಕಿದ್ದ ಆ ಕಪ್ಪು ಮಣ್ಣು ಅದೇ. ಕಡಿದ ಬರೆಯ ಮೇಲ್ಭಾಗದಲ್ಲಿ ಮಾತ್ರ ಗುಂಡಿಯೂ ಬೇಡ, ನೀರಿನ ಹೊಂಡವೂ ಬೇಡ.

ಹುಳಿಗೂ ಮಳೆಯೇ ಮೂಲ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದೊಯ್ಯುತ್ತದೆ. ಯೂರಿಯಾ, ಅಮೋನಿಯಂ ಸಲ್ಫೇಟ್ ಹುಳಿ ಹೆಚ್ಚಿಸುತ್ತವೆ. ಪಿಎಚ್ 5ಕ್ಕಿಂತ ಇಳಿದರೆ ಅಲ್ಯುಮಿನಿಯಂ ಕರಗಿ ಬೇರಿನ ತುದಿ ಮೊಂಡಾಗುತ್ತದೆ, ಹಾಕಿದ ರಂಜಕವೂ ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತದೆ. ಕಾಫಿಗೆ ಹಿತ 6ರಿಂದ 6.5.

ನಿಮ್ಮ ಸುಣ್ಣ ಬಹುಶಃ ದಪ್ಪ ಪುಡಿ, ಅಥವಾ ಒಣ ತರಗೆಲೆಯ ಮೇಲೆ ಬಿದ್ದು ಮಳೆಗೆ ಹೋಗಿದೆ. ತರಗು ಸರಿಸಿ, ನಯವಾದ ಪುಡಿಯನ್ನು ಮಳೆಗಾಲ ಮುಗಿದು ಮಣ್ಣು ಹಸಿಯಿರುವಾಗ ಹರಡಿ, ಮೇಲ್ಮಣ್ಣಿಗೆ ಬೆರೆಸಿ, ತರಗನ್ನು ಮತ್ತೆ ಮುಚ್ಚಿ. ಗೊಬ್ಬರಕ್ಕೂ ಸುಣ್ಣಕ್ಕೂ ತಿಂಗಳ ಅಂತರವಿರಲಿ. ಒಟ್ಟಿಗೆ ಹಾಕಿದರೆ ಯೂರಿಯಾದ ಸಾರಜನಕ ಅಮೋನಿಯಾ ಆಗಿ ಹಾರುತ್ತದೆ. ಮೆಗ್ನೀಸಿಯಂ ಕೊರತೆಯಿದ್ದರೆ ಡೋಲೊಮೈಟ್ (ಮೆಗ್ನೀಸಿಯಂ ಇರುವ ಸುಣ್ಣದ ಕಲ್ಲಿನ ಪುಡಿ) ಆರಿಸಿ.

ಪ್ರಮಾಣವನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ಹತ್ತು ಹದಿನೈದು ಕಡೆ 9 ಇಂಚು ಆಳದವರೆಗೆ ಮಣ್ಣು ತೆಗೆದು ಬೆರೆಸಿ, ಅರ್ಧ ಕಿಲೋ ಉಳಿಸಿ, ನೆರಳಲ್ಲಿ ಒಣಗಿಸಿ. ಗೊಬ್ಬರದ ಚೀಲದಲ್ಲಿ ತುಂಬಬೇಡಿ, ಫಲಿತಾಂಶ ಕೆಡುತ್ತದೆ.